ಮುಂಗಾಜು ತೆರೆಯದ ಸ್ಟ್ರಾಟೋಸ್ ಝೀರೋ ನನಗೆ ಬೇಡ

ಬೆಣೆಯಾಕಾರದ ಹಳೆಯ ಕಾನ್ಸೆಪ್ಟ್ ಕಾರುಗಳ (ಮಾರಾಟಕ್ಕಲ್ಲದೆ ಹೊಸ ಕಲ್ಪನೆ ತೋರಿಸಲು ಕಟ್ಟಿದವು) ಸ್ಕೇಲ್ ಮಾಡೆಲ್‌ಗಳೆಂದರೆ, ಅಂದರೆ ಅಳತೆಗೆ ತಕ್ಕಂತೆ ಇಳಿಸಿದ ಪುಟ್ಟ ಪ್ರತಿಕೃತಿಗಳೆಂದರೆ, ನನಗೆ ಪ್ರಾಣ. ಅವುಗಳಲ್ಲೂ ಲ್ಯಾನ್ಸಿಯಾ (ಇಟಲಿಯ ಕಾರು ಕಂಪನಿ) ಸ್ಟ್ರಾಟೋಸ್ ಝೀರೋ ಮೇಲೆ ಪ್ರೀತಿ ಒಂದು ಕೈ ಹೆಚ್ಚು. ಆದ್ದರಿಂದಲೇ ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ: ಮುಂಗಾಜು ತೆರೆಯದ ಝೀರೋ ಮಾಡೆಲ್‌ಗೆ ದುಡ್ಡು ಸುರಿಯಬೇಡಿ.

ಈ ಕಾರು ಮೊದಲು ಕಾಣಿಸಿಕೊಂಡದ್ದು 1970ರ ಟ್ಯೂರಿನ್ ಮೋಟಾರು ಪ್ರದರ್ಶನದಲ್ಲಿ, ಕಾರು ವಿನ್ಯಾಸಕ್ಕೆ ಹೆಸರಾದ ಬೆರ್ಟೋನೆ ಸಂಸ್ಥೆಯ ಮಳಿಗೆಯಲ್ಲಿ. ವಿನ್ಯಾಸ ಮಾರ್ಚೆಲ್ಲೋ ಗಾಂದಿನಿಯವರದು. ಲಂಬೋರ್ಗಿನಿ ಕೌಂಟಾಶ್ ಕೂಡ ಅವರ ಕೈಯಿಂದಲೇ ಬಂದದ್ದು. ಝೀರೋದ ಎತ್ತರ ಬರೀ 84 ಸೆಂಟಿಮೀಟರ್, ನಮ್ಮ ಊಟದ ಮೇಜಿಗಿಂತ ಒಂದಿಷ್ಟೇ ಮೇಲೆ. ಅಷ್ಟು ತಗ್ಗಿನ ಕಾರಿಗೆ ಪಕ್ಕದಲ್ಲಿ ಬಾಗಿಲಿಟ್ಟರೆ ಮನುಷ್ಯ ಒಳಗೆ ತೂರುವುದಾದರೂ ಹೇಗೆ? ಗಾಂದಿನಿ ಬಾಗಿಲನ್ನೇ ಕೈಬಿಟ್ಟರು. ಮುಂಗಾಜು ಮೇಲಕ್ಕೇಳುತ್ತದೆ, ಸ್ಟೀರಿಂಗ್ ಮುಂದಕ್ಕೆ ಸರಿದು ದಾರಿ ಬಿಡುತ್ತದೆ; ಕಾರಿನ ಮೂತಿ ಹತ್ತಿ ಒಳಗಿಳಿದು, ಹೆಚ್ಚುಕಡಿಮೆ ಮಲಗಿಕೊಂಡೇ ಓಡಿಸಬೇಕು. ಇದು ಪ್ರದರ್ಶನಕ್ಕಷ್ಟೇ ಕಟ್ಟಿದ ಪೊಳ್ಳು ಗೊಂಬೆಯೂ ಅಲ್ಲ. ಸೀಟುಗಳ ಹಿಂದೆ ಲ್ಯಾನ್ಸಿಯಾದ ಫುಲ್ವಿಯಾ ಕಾರಿನ 1.6 ಲೀಟರ್ ಎಂಜಿನ್ ಇದೆ. ಬೆರ್ಟೋನೆ ಸಂಸ್ಥೆಯ ಮುಖ್ಯಸ್ಥ ನುಚ್ಚೋ ಬೆರ್ಟೋನೆ ಇದನ್ನೇ ಓಡಿಸಿಕೊಂಡು ಲ್ಯಾನ್ಸಿಯಾ ಕಚೇರಿಗೆ ಹೋದರಂತೆ, ಗೇಟಿನ ಅಡ್ಡಪಟ್ಟಿಯ ಕೆಳಗೇ ನುಸುಳಿದರಂತೆ.

1:18 ಅಳತೆಗೆ ಇಳಿಸಿದರೆ ಆ ಎತ್ತರ ನಾಲ್ಕೂಮುಕ್ಕಾಲು ಸೆಂಟಿಮೀಟರಿಗೂ ಕಡಿಮೆ. ಉದ್ದ ಸುಮಾರು 20. ಅಂಗೈ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ತನ್ನಿ. ಮೂತಿಯಿಂದ ಹೊರಟ ಗೆರೆ ಎಲ್ಲೂ ಮುರಿಯದೆ ಗಾಜಿನ ಮೇಲೆ ಹಾದು ನೆತ್ತಿ ಮುಟ್ಟುತ್ತದೆ. ಆ ಗಾಜೇ ಬಾಗಿಲು ಎಂದು ತಿಳಿದಾಗ ಮಾತ್ರ ಆ ಗೆರೆ ಯಾಕೆ ಹಾಗಿದೆ ಎಂಬುದು ಅರ್ಥವಾಗುತ್ತದೆ.

ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ಪ್ಲಾಸ್ಟಿಕ್) ಮಾಡೆಲ್‌ಗಳಲ್ಲಿ ಸಾಮಾನ್ಯವಾಗಿ ಯಾವ ಭಾಗವೂ ತೆರೆಯುವುದಿಲ್ಲ; ಅವನ್ನು ಇಷ್ಟಪಡುವವರ ವಾದ ನನಗೆ ಗೊತ್ತು. ತೆರೆಯುವ ಭಾಗಗಳಿದ್ದರೆ ಸಂದು ದಪ್ಪವಾಗುತ್ತದೆ, ಅಂಚಿನ ನಯ ಕೆಡುತ್ತದೆ. ನಿಜ, ರೆಸಿನ್‌ನಲ್ಲಿ ಸಿಗುವ ಚೂಪು ಲೋಹದ ಎರಕದಲ್ಲಿ ಸುಲಭಕ್ಕೆ ಬಾರದು. ಕೌಂಟಾಶ್‌ಗೋ ಲಂಬೋರ್ಗಿನಿಯದೇ ಆದ ಮಿಯುರಾಗೋ ಆ ವಾದವನ್ನು ಒಪ್ಪುತ್ತೇನೆ. ಅವುಗಳ ಚೆಲುವು ಬಾಗಿಲು ಮುಚ್ಚಿದ್ದರೂ ಪೂರ್ತಿ ಕಾಣುತ್ತದೆ. ಝೀರೋ ವಿಷಯದಲ್ಲಿ ಒಪ್ಪಲಾರೆ. ಖರ್ಚು ಉಳಿಸಲೇಬೇಕೆಂದಿದ್ದರೆ ಎಂಜಿನ್ ಮೇಲಿನ ತ್ರಿಕೋನ ಮುಚ್ಚಳವನ್ನು ಅಂಟಿಸಿಬಿಡಿ, ಚಕ್ರ ತಿರುಗದಿದ್ದರೂ ಬೇಸರವಿಲ್ಲ. ರೆಸಿನ್‌ನಲ್ಲೇ ಮಾಡುವುದಾದರೆ ಮುಂಗಾಜನ್ನು ಎತ್ತಿದ ಸ್ಥಿತಿಯಲ್ಲೇ ಕೂರಿಸಿ ಕೊಡಿ. ಮುಚ್ಚಿದ ಝೀರೋ ನೋಡಲು ಫೋಟೋಗಳು ಬೇಕಾದಷ್ಟಿವೆ.