ಲೀಟರಿಗಿಂತ ಮೊದಲು ಬೆನ್ನಿನ ಅಳತೆ
ಚಾರಣದ ಬೆನ್ನುಚೀಲಗಳ ಕುರಿತ ಲೇಖನವೊಂದರಲ್ಲಿ, ಹಲವು ದಿನಗಳ ಚಾರಣಕ್ಕೆ 70 ಲೀಟರಿನ ಚೀಲವೇ ಬೇಕೆಂದು ಓದಿದೆ; ಲೇಖಕರ ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಡೇರೆಯನ್ನು ತಾವೇ ಹೊರುವವರಿಗೂ ಮೂರು ನಾಲ್ಕು ದಿನಗಳಿಗೆ 50ರಿಂದ 60 ಲೀಟರ್ ಸಾಮಾನ್ಯವಾಗಿ ಸಾಲುತ್ತದೆ. ಜಾಗವಿದ್ದಷ್ಟೂ ತುಂಬುವುದು ನಮ್ಮ ಸ್ವಭಾವ. ಅದಕ್ಕಿಂತ ಮುಖ್ಯವಾದುದು ಬೆನ್ನಿನ ಉದ್ದ: ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಅಳೆದು, ಅದಕ್ಕೆ ಹೊಂದುವ ಚೀಲವನ್ನು ಆರಿಸಿದರೆ ಮಾತ್ರ ಸೊಂಟಪಟ್ಟಿಯು ಭಾರದ ಹೆಚ್ಚಿನ ಪಾಲನ್ನು ಹೊರುತ್ತದೆ, ಇಲ್ಲವಾದರೆ ಆ ಭಾರ ಹೆಗಲಿನ ಮೇಲೆ ಬೀಳುತ್ತದೆ. ತುಮಕೂರಿನವನಾದ ನಾನು ಹೊಸ ಚೀಲದಲ್ಲಿ 10 ಕಿಲೋ ರಾಗಿ ತುಂಬಿ ದೇವರಾಯನದುರ್ಗ ಹತ್ತಿದಾಗಲೇ (ದಾರಿಯಲ್ಲಿ ಸಿಕ್ಕವರೊಬ್ಬರು ಹಿಟ್ಟಿನ ಗಿರಣಿ ಆ ಕಡೆ ಇಲ್ಲವೆಂದು ನಕ್ಕರು) ಪಟ್ಟಿಯು ಸೊಂಟಕ್ಕಿಂತ ನಾಲ್ಕು ಬೆರಳು ಮೇಲೆ ಕೂರುತ್ತಿದ್ದುದು ತಿಳಿದು, ಆ ಚೀಲವನ್ನು ಅಂಗಡಿಗೆ ಹಿಂದಿರುಗಿಸಿ ಬೆನ್ನಿನ ಉದ್ದದಲ್ಲಿ ಒಂದು ಅಳತೆ ದೊಡ್ಡದನ್ನು ತಂದೆ.