ಒಂದೂಕಾಲು ಕುದುರೆ

ಮೊನ್ನೆ ಹ್ಯಾಂಡ್ ಬ್ಲೆಂಡರ್ ಕೈಕೊಟ್ಟಿತು. ಅದೂ ಕೈಯಲ್ಲಿ ಹಿಡಿದಿದ್ದಾಗಲೇ. ಒಲೆಯ ಮೇಲೆ ಟೊಮೆಟೊ, ಕ್ಯಾರೆಟ್ ಬೆಂದಿದ್ದವು. ಅರ್ಧ ನುಣ್ಣಗಾಗಿತ್ತು, ಅರ್ಧ ಹೋಳಾಗಿಯೇ ತೇಲುತ್ತಿತ್ತು. ಬಟನ್ ಒತ್ತಿದರೆ ಸದ್ದು ಜೋರಾಗಿಯೇ ಬರುತ್ತಿತ್ತು, ಬ್ಲೇಡ್ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೀಟಿಂಗುಗಳಲ್ಲಿ ಕೆಲವರು ಇರ್ತಾರಲ್ಲ, ಹಾಗೆ.

ಬಿಚ್ಚಿ ನೋಡಿದೆ. ಮೇಲಿನ ಮೋಟಾರು ಕೆಳಗಿನ ಕೋಲಿಗೆ ಸೇರುವ ಜಾಗದಲ್ಲಿ ಉಗುರಿನಷ್ಟು ಅಗಲದ ಒಂದು ಬಿಳಿ ಪ್ಲಾಸ್ಟಿಕ್ ಚೂರಿತ್ತು. ಅದರ ಹಲ್ಲುಗಳೆಲ್ಲ ಸವೆದು ಬೊಚ್ಚುಬಾಯಿ ಆಗಿಬಿಟ್ಟಿತ್ತು. ಮೋಟಾರಿಗೆ ಇನ್ನೂ ವಾರಂಟಿ ಇದೆ, ಈ ಚೂರಿಗೆ ಇಲ್ಲ. ಬಿಡಿಯಾಗಿ ಸಿಗುವುದೂ ಇಲ್ಲವಂತೆ. ಕೆಡದೇ ಇರುವ ಭಾಗಕ್ಕೆ ವಾರಂಟಿ ಕೊಡೋದು ಎಷ್ಟು ಸುಲಭ ಅಲ್ವಾ?

ಹೊಸದು ತರೋಣ ಅಂದುಕೊಂಡೆ. ಅದಕ್ಕೂ ಮೊದಲು ಅಕ್ಕನಿಗೆ ಫೋನ್ ಮಾಡಿದ್ದು ತಪ್ಪಾಯಿತು.

"ಎಷ್ಟು ವ್ಯಾಟಿನದ್ದು ತಗೊಳ್ತೀಯಾ?"

"ಸೂಪ್ ಮಾಡೋಕೆ ಅಕ್ಕ, ಬಾವಿ ತೋಡೋಕಲ್ಲ."

"ಸಾವಿರಕ್ಕಿಂತ ಕಡಿಮೆದು ತಗೋಬೇಡ ಕಣೋ. ಆಮೇಲೆ ಅಳ್ತೀಯ."

ಸಾವಿರ ವ್ಯಾಟ್. ಅವತ್ತಿನಿಂದ ಈ ಸಂಖ್ಯೆ ತಲೆ ಹೊಕ್ಕು ಕೂತಿದೆ. ಒಂದು ಅಶ್ವಶಕ್ತಿ ಅಂದರೆ ಹತ್ತಿರ ಹತ್ತಿರ 746 ವ್ಯಾಟ್ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಪರೀಕ್ಷೆ ಬಿಟ್ಟರೆ ಎಲ್ಲೂ ಉಪಯೋಗಕ್ಕೆ ಬಂದಿರಲಿಲ್ಲ. ಈಗ ಲೆಕ್ಕ ಹಾಕಿದೆ. ನಾಲ್ಕು ಟೊಮೆಟೊ ಅರೆಯಲು ಅಕ್ಕ ನನ್ನ ಕೈಗೆ ಒಂದೂಕಾಲು ಕುದುರೆಗಿಂತ ಜಾಸ್ತಿ ಕೊಡುತ್ತಿದ್ದಾಳೆ. ಆ ಕಾಲು ಮುಂಗಾಲೋ ಹಿಂಗಾಲೋ ಕೇಳಬೇಡಿ.

ಇದಕ್ಕೆಲ್ಲ ಮೂಲ ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್. ಅವನ ಹತ್ತಿರ ಮಾರಲು ಉಗಿಯಂತ್ರ ಇತ್ತು. ಕೊಳ್ಳಬೇಕಾದವರ ಹತ್ತಿರ ಕುದುರೆ ಇತ್ತು. ಗಾಣದ ಹಾಗೆ ಸುತ್ತು ಹೊಡೆದು ಗಿರಣಿ ತಿರುಗಿಸುವ ಕುದುರೆ. ಅದನ್ನು ಬಿಟ್ಟು ಹೊಗೆ ಕಾರುವ ಯಂತ್ರ ಯಾಕೆ ತಗೋಬೇಕು ಅಂತ ಅವರು ಕೇಳಿದರೆ ತಪ್ಪೇನಿದೆ? ನನ್ನ ಯಂತ್ರ ಇಷ್ಟು ಕುದುರೆಗೆ ಸಮ ಅಂತ ವ್ಯಾಟ್ ಹೇಳಬೇಕಾಯಿತು. ಹಾಗೆ ಹೇಳಬೇಕಾದರೆ ಮೊದಲು ಒಂದು ಕುದುರೆ ಅಂದರೆ ಎಷ್ಟು ಅಂತ ಗೊತ್ತಿರಬೇಕು.

1780ರ ದಶಕದ ಶುರುವಿನಲ್ಲಿ ಅವನು ಕೂತು ಲೆಕ್ಕ ಹಾಕಿದ. 12 ಅಡಿ ತ್ರಿಜ್ಯದ ಸುತ್ತು, ಗಂಟೆಗೆ 144 ಸುತ್ತು, ಎಳೆಯುವ ಬಲ 180 ಪೌಂಡು. ಗುಣಿಸಿದರೆ ನಿಮಿಷಕ್ಕೆ 32,572 ಅಡಿ-ಪೌಂಡು ಬರುತ್ತದೆ. ಒಂದು ಪೌಂಡು ಭಾರವನ್ನು ಒಂದು ಅಡಿ ಮೇಲೆತ್ತುವ ಕೆಲಸ ಅಂದರೆ ಒಂದು ಅಡಿ-ಪೌಂಡು. ಅದನ್ನು 33,000 ಮಾಡಿದ. ಮೇಲಕ್ಕೆ ಏರಿಸಿದ, ನೋಡಿ. ನಮ್ಮ ಕುದುರೆ ದಿನವಿಡೀ ಅಷ್ಟು ಎಳೆಯೋದಿಲ್ಲ ಸ್ವಾಮಿ ಅಂತ ಗಿರಣಿಯವರು ಜಗಳ ತೆಗೆಯಬಹುದಿತ್ತು. ಆದರೆ ಕುದುರೆಯ ಅಳತೆ ದೊಡ್ಡದಾದಷ್ಟೂ ಒಂದೊಂದು ಅಶ್ವಶಕ್ತಿಗೆ ಗಿರಾಕಿಗೇ ಜಾಸ್ತಿ ಕೆಲಸ ಸಿಗುತ್ತದೆ. ಈ ವಿಷಯದಲ್ಲಿ ವ್ಯಾಟ್ ನನಗೆ ಇಷ್ಟ. ಡಬ್ಬಿಯ ಮೇಲೆ ಅಂಕಿ ಅಚ್ಚು ಹಾಕಿಸುವ ಇವತ್ತಿನವರಿಗೆ ಆ ಸಂಕೋಚವೂ ಇಲ್ಲ.

ಅವನು ತೀರಿಕೊಂಡಿದ್ದು 1819ರಲ್ಲಿ. ಶಕ್ತಿಯ ಅಳತೆಗೆ ಅವನ ಹೆಸರಿಡೋಣ ಅಂತ ಎಂಜಿನಿಯರ್ ವಿಲಿಯಂ ಸೀಮೆನ್ಸ್ ಸೂಚಿಸಿದ್ದು 1882ರಲ್ಲಿ. ಅಷ್ಟು ಕಷ್ಟಪಟ್ಟು ಲೆಕ್ಕ ಹಾಕಿದ ಕುದುರೆಯನ್ನು ಕೊನೆಗೆ ಅವನ ಹೆಸರೇ ಓಡಿಸಿಬಿಟ್ಟಿತು. ಪಾಪ, ಆ ಕುದುರೆಗೆ ಒಂದು ಹೆಸರಾದರೂ ಇತ್ತೋ ಇಲ್ಲವೋ.

ಎಲ್ಲಿದ್ದೆ? ಹಾಂ, ಬ್ಲೆಂಡರು.

ಈ ಸಾವಿರ ವ್ಯಾಟ್ ಅನ್ನೋದು ಯಂತ್ರ ಗೋಡೆಯಿಂದ ಎಳೆದುಕೊಳ್ಳುವ ಲೆಕ್ಕ. ಬ್ಲೇಡಿಗೆ ಮುಟ್ಟಿಸುವ ಲೆಕ್ಕ ಅಲ್ಲ. ಮಿಕ್ಕಿದ್ದು ಬಿಸಿಯಾಗಿ, ಸದ್ದಾಗಿ ಹೋಗುತ್ತದೆ. ಅಂದರೆ ಎಷ್ಟು ಊಟ ಮಾಡುತ್ತಾನೆ ಅಂತ ಕೇಳಿ ಆಳನ್ನು ಕೆಲಸಕ್ಕೆ ಇಟ್ಟುಕೊಂಡ ಹಾಗೆ. ಡಬ್ಬಿಯ ಹಿಂದೆ ಇರುವೆಯಂಥ ಅಕ್ಷರದಲ್ಲಿ ಇನ್ನೊಂದು ಸಾಲಿರುತ್ತದೆ. ಒಂದು ನಿಮಿಷ ಓಡಿಸಿ, ಆಮೇಲೆ ತಣ್ಣಗಾಗಲು ಬಿಡಿ. ಕುದುರೆ ಕಂಡರೆ ಕಾಲುನೋವು ಅಂತ ಗಾದೆ ಇದೆ. ಇಲ್ಲಿ ಕುದುರೆಗೇ ಒಂದು ನಿಮಿಷಕ್ಕೆ ಕಾಲುನೋವು.

1950ರಲ್ಲಿ ಸ್ವಿಟ್ಜರ್ಲೆಂಡಿನ ರೋಜೆ ಪೆರಿಂಜಾಕೆ ಇಂಥ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡಾಗ ಅದಕ್ಕೆ ಬಂದ ಹೆಸರು ಬ್ಯಾಮಿಕ್ಸ್. ಫ್ರೆಂಚಿನಲ್ಲಿ ಬಡಿಯುತ್ತೆ, ಬೆರೆಸುತ್ತೆ ಅನ್ನೋ ಎರಡು ಮಾತು ಸೇರಿಸಿ ಕಟ್ಟಿದ ಹೆಸರು. ಏನು ಮಾಡುತ್ತೋ ಅದೇ ಹೆಸರು. ಈಗಿನ ಡಬ್ಬಿಗಳ ಮೇಲೆ ಟರ್ಬೊ ಇದೆ, ಪ್ರೊ ಇದೆ, ಇಪ್ಪತ್ತು ಸ್ಪೀಡ್ ಇದೆ. ನಾನು ಇವತ್ತಿನವರೆಗೆ ಉಪಯೋಗಿಸಿದ್ದು ಎರಡೇ ಸ್ಪೀಡು: ಓಡೋದು, ನಿಲ್ಲೋದು. ಬೆರಳು ತೆಗೆದರೆ ನಿಂತೇಬಿಡುವ ಆ ಬಟನ್ ನಮ್ಮ ಕ್ಷೇಮಕ್ಕೇ ಇರೋದು, ಒಪ್ಪಿದೆ. ಆದರೆ ಒತ್ತಿ ಹಿಡಿದೂ ಹಿಡಿದೂ ತೋರುಬೆರಳ ತುದಿ ಬೆಳ್ಳಗಾಗಿರುತ್ತದೆ. ಎಷ್ಟು ಗಟ್ಟಿ ಒತ್ತಬೇಕು ಅನ್ನೋದನ್ನು ಯಾವ ಡಬ್ಬಿಯೂ ಹೇಳೋದಿಲ್ಲ.

ಜೊತೆಗೆ ಬರುವ ಸಾಮಾನುಗಳ ವಿಷಯ ಎತ್ತಲೇಬಾರದು. ಮೊಟ್ಟೆ ಕಡೆಯುವ ತಂತಿ, ಈರುಳ್ಳಿ ಕೊಚ್ಚುವ ಬಟ್ಟಲು, ಎಂಥದೋ ಗೋಡೆಗೆ ಹೊಡೆಯುವ ಸ್ಟ್ಯಾಂಡ್. ಎಲ್ಲ ಕಪಾಟಿನ ಹಿಂದಿನ ಸಾಲು ಸೇರಿ ಅಲ್ಲೇ ನಿವೃತ್ತಿ ಪಡೆದಿವೆ. ಉದ್ದ ಲೋಟ ಒಂದನ್ನು ಬಿಟ್ಟು. ಅದರಲ್ಲಿ ಒಂದು ಮೊಟ್ಟೆ ಒಡೆದು ಹಾಕಿ, ಮೇಲೆ ಎಣ್ಣೆ ಸುರಿದು, ಬ್ಲೆಂಡರನ್ನು ತಳಕ್ಕೆ ಊರಿ ಬಟನ್ ಒತ್ತಬೇಕು. ಎತ್ತಬಾರದು, ಸುಮ್ನೆ ಕಾಯಬೇಕು. ತಳದಿಂದ ಬೆಳ್ಳಗೆ ಮೋಡ ಏಳುತ್ತದೆ. ಆಮೇಲೆ ನಿಧಾನಕ್ಕೆ ಎತ್ತುತ್ತಾ ಬಂದರೆ ಎಣ್ಣೆಯೆಲ್ಲ ಅದರೊಳಗೆ ಸೇರಿ ಗಟ್ಟಿ ಮಯೊನೇಸ್ ಆಗಿಬಿಡುತ್ತದೆ. ಎಷ್ಟು ಸಲ ಮಾಡಿದರೂ ನಾನು ಬಗ್ಗಿ ನೋಡುತ್ತೇನೆ. ಸೂಪಿನ ವಿಷಯದಲ್ಲಿ ಮಾತ್ರ ಹಾಗೆ ಬಗ್ಗಬೇಡಿ. ಬ್ಲೇಡ್ ತಿರುಗುತ್ತಿರುವಾಗ ಒಂಚೂರು ಮೇಲೆ ಬಂದರೆ ಸಾಕು, ಅಂಗಿಯ ತುಂಬ ಟೊಮೆಟೊ.

ಕೊನೆಗೆ ಅಂಗಡಿಗೆ ಹೋದೆ. ಹುಡುಗ ಮೂರು ಡಬ್ಬಿ ತಂದಿಟ್ಟ.

"ಇದು ಆರುನೂರು ವ್ಯಾಟ್ ಸರ್, ಇದು ಎಂಟುನೂರು, ಇದು ಸಾವಿರ."

"ಅದಿರಲಿ, ಕೋಲು ಮೋಟಾರಿಗೆ ಸೇರುತ್ತಲ್ಲ, ಅಲ್ಲಿ ಒಳಗಿರೋದು ಪ್ಲಾಸ್ಟಿಕ್ಕೋ ಲೋಹವೋ?"

ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತೆ. ಡಬ್ಬಿಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ. ಎಲ್ಲೂ ಬರೆದಿರಲಿಲ್ಲ. "ಬಿಚ್ಚಿ ನೋಡೋಣ" ಎಂದೆ. ಅವನು ಹಿಂದಕ್ಕೆ ತಿರುಗಿ ಮಾಲೀಕರ ಮುಖ ನೋಡಿದ, ಆಮೇಲೆ ಟೇಪ್ ಕಿತ್ತ. ಕೋಲನ್ನು ತಿರುವಿ ಬೇರೆ ಮಾಡಿದ. ಇಬ್ಬರೂ ತಲೆ ಕೂಡಿಸಿ ಒಳಗೆ ಬಗ್ಗಿದೆವು.

ಅದೇ ಚೂರು. ಅಷ್ಟೇ ಅಗಲ, ಅಷ್ಟೇ ಹಲ್ಲು.

"ನಮ್ಮನೇಲಿ ಇದೇ ಸವೆದುಹೋಗಿದ್ದು" ಎಂದೆ.

"ಅದು ಬಿಳಿ ಇತ್ತಾ ಸರ್?"

"ಹೌದು."

"ಇದು ಕಪ್ಪು ಸರ್" ಅಂದ ಹುಡುಗ, ತುಂಬ ಸಮಾಧಾನದಿಂದ.

ಸಂಜೆ ಅಕ್ಕ ಫೋನ್ ಮಾಡಿದಳು. "ತಗೊಂಡ್ಯಾ? ಎಷ್ಟು ವ್ಯಾಟು?"

"ಕಪ್ಪಿನದ್ದು" ಎಂದೆ.