ಸುಂಟರಗಾಳಿಯ ಲೆಕ್ಕ ಮತ್ತು ಸಾಯುವವರ ಲೆಕ್ಕ

ಸುಂಟರಗಾಳಿಯ ವಿಡಿಯೊ ಹರಿದಾಡಲು ಶುರುವಾದ ಕೂಡಲೇ ಅದರ ಕೆಳಗೆ ಎರಡು ಬಣ ಹುಟ್ಟಿಕೊಳ್ಳುತ್ತವೆ. "ಹಿಂದೆ ಇಷ್ಟೊಂದು ಇರಲೇ ಇಲ್ಲ, ಭೂಮಿ ಕೆಟ್ಟುಹೋಯಿತು" ಎನ್ನುವವರು ಒಂದು ಕಡೆ. "ಹಿಂದೆಯೂ ಇದ್ದವು, ಕೈಯಲ್ಲಿ ಮೊಬೈಲ್ ಇರಲಿಲ್ಲ ಅಷ್ಟೆ" ಎನ್ನುವವರು ಇನ್ನೊಂದು ಕಡೆ. ಈ ಜಗಳವನ್ನು ವರ್ಷಗಳಿಂದ ಓದುತ್ತಾ ಬಂದಿದ್ದೇನೆ. ಎರಡೂ ಕಡೆ ಒಂದಿಷ್ಟು ನಿಜವಿದೆ. ಆದರೆ ಆ ಗಾಳಿಗೆ ಸಿಕ್ಕಿ ಸಾಯುವವರು ಯಾರು, ಯಾಕೆ ಎಂದು ಇಬ್ಬರೂ ಕೇಳುವುದಿಲ್ಲ ಎಂಬುದು ನನಗೆ ನಿಜವಾಗಿಯೂ ನೋವು ತರುತ್ತದೆ.

ಮೊದಲು ಎಣಿಕೆಯ ವಿಷಯ. ಇಲ್ಲಿ ನಾನು ಹೇಳುತ್ತಿರುವುದು ಸಮುದ್ರದಿಂದ ದಿನಗಟ್ಟಲೆ ಸಾಗಿ ಬರುವ ಚಂಡಮಾರುತದ ಬಗ್ಗೆ ಅಲ್ಲ; ಗುಡುಗುಮೋಡದ ಹೊಟ್ಟೆಯಿಂದ ಸೊಂಡಿಲಿನಂತೆ ನೆಲಕ್ಕಿಳಿದು, ಹೆಚ್ಚಿನ ಸಲ ಕೆಲವೇ ನಿಮಿಷ ಬದುಕುವ ಟೊರ್ನೆಡೊ ಬಗ್ಗೆ. ಇವು ಅತಿ ಹೆಚ್ಚು ಕಾಣಿಸಿಕೊಳ್ಳುವುದು ಅಮೆರಿಕದಲ್ಲಿ, ವರ್ಷಕ್ಕೆ ಸರಾಸರಿ ಸುಮಾರು 1,200. 1950ರಿಂದೀಚಿನ ದಾಖಲೆ ತೆರೆದರೆ ಸಂಖ್ಯೆ ಏರುತ್ತಲೇ ಹೋಗಿರುವುದು ಕಾಣುತ್ತದೆ. ಆದರೆ ಏರಿರುವುದು ಬಹುಪಾಲು ದುರ್ಬಲ ಸುಂಟರಗಾಳಿಗಳ ಸಂಖ್ಯೆ. ಹೊಲದ ನಡುವೆ ಎದ್ದು ಬೇಲಿ ಕಿತ್ತು ಅಡಗುತ್ತಿದ್ದ ಗಾಳಿಯನ್ನು ಆಗ ಬರೆದಿಡುವವರು ಇರಲಿಲ್ಲ. 1990ರ ದಶಕದಲ್ಲಿ, ಮೋಡದೊಳಗಿನ ಗಾಳಿಯ ಚಲನೆಯನ್ನೂ ಹಿಡಿಯುವ ಡಾಪ್ಲರ್ ರೇಡಾರ್ ಜಾಲ ಬಂದ ಮೇಲೆ ಅವೂ ಲೆಕ್ಕಕ್ಕೆ ಸಿಕ್ಕವು. ಪ್ರಬಲ ಸುಂಟರಗಾಳಿಗಳನ್ನಷ್ಟೇ ತೆಗೆದುಕೊಂಡರೆ ಅಂಥ ಏರಿಕೆ ಕಾಣುವುದಿಲ್ಲ.

ಹಿಂದಿನ ಕಾಲದಲ್ಲಿ ನೋಡುವ ಕಣ್ಣು ಕಡಿಮೆ ಇತ್ತು ಎನ್ನುವುದಷ್ಟೇ ಅಲ್ಲ, ಹೇಳುವ ಬಾಯಿಯನ್ನೂ ಕಟ್ಟಿಹಾಕಿದ್ದರು. 1938ರವರೆಗೆ ದಶಕಗಳ ಕಾಲ ಅಮೆರಿಕದ ಹವಾಮಾನ ಇಲಾಖೆ ತನ್ನ ಮುನ್ಸೂಚನೆಯಲ್ಲಿ 'ಟೊರ್ನೆಡೊ' ಎಂಬ ಪದವನ್ನೇ ಬಳಸುತ್ತಿರಲಿಲ್ಲ. ಜನ ಗಾಬರಿಗೊಳ್ಳುತ್ತಾರೆ ಎಂಬ ಅಂಜಿಕೆ! 1925ರ ಮಾರ್ಚ್ 18ರಂದು ಮಿಸೌರಿ, ಇಲಿನಾಯ್, ಇಂಡಿಯಾನಾ ರಾಜ್ಯಗಳನ್ನು ಸುಮಾರು 350 ಕಿ.ಮೀ. ಉದ್ದಕ್ಕೆ ಸೀಳಿಕೊಂಡು ಹೋದ ಒಂದೇ ಸುಂಟರಗಾಳಿ 695 ಮಂದಿಯನ್ನು ಬಲಿ ತೆಗೆದುಕೊಂಡಿತು. ಗಾಬರಿಪಡಲಿಕ್ಕೂ ಅವರಿಗೆ ಸಮಯ ಸಿಗಲಿಲ್ಲ.

ಬಲವನ್ನು ಅಳೆಯುವ ಕ್ರಮವೂ ನಾವು ಅಂದುಕೊಂಡಂತಿಲ್ಲ. ಹವಾಮಾನ ವಿಜ್ಞಾನಿ ಫುಜಿತಾ ಅವರು 1971ರಲ್ಲಿ ಕೊಟ್ಟ ಅಳತೆಗೋಲನ್ನು 2007ರಲ್ಲಿ ಪರಿಷ್ಕರಿಸಿ, ಸೊನ್ನೆಯಿಂದ ಐದರವರೆಗೆ ದರ್ಜೆ ಕೊಡುವ ಇಎಫ್ (ಪರಿಷ್ಕೃತ ಫುಜಿತಾ) ಮಾಪಕ ಮಾಡಿದರು. ಅದರಲ್ಲಿ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿ ಹೋದ ಮೇಲೆ ಉಳಿದದ್ದನ್ನು ಓದುತ್ತಾರೆ. ತಜ್ಞರು ಅವಶೇಷಗಳ ನಡುವೆ ಬಗ್ಗಿ ನೋಡುತ್ತಾರೆ: ಗೋಡೆಯ ಅಡಿಯ ಮರವನ್ನು ತಳಪಾಯದ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿದಿದ್ದರೇ, ಬರೀ ಮೊಳೆ ಹೊಡೆದಿದ್ದರೇ? ಬೋಲ್ಟಿಗೆ ನಟ್ಟು, ವಾಷರ್ ಇತ್ತೇ? ಮೊಳೆಯ ಮನೆ ಹಾರಿಹೋದರೆ ಅದಕ್ಕೆ ಅಷ್ಟು ದೊಡ್ಡ ಗಾಳಿ ಬೇಕಿರಲಿಲ್ಲ ಎಂದು ದರ್ಜೆ ಇಳಿಯುತ್ತದೆ. 2013ರ ಮೇ 31ರಂದು ಒಕ್ಲಹೋಮದ ಎಲ್ ರೀನೊ ಬಳಿ 4 ಕಿ.ಮೀ.ಗೂ ಅಗಲದ ಸುಂಟರಗಾಳಿ ಎದ್ದಿತು. ಅದರೊಳಗೆ ಗಂಟೆಗೆ 450 ಕಿ.ಮೀ. ಮೀರಿದ ವೇಗವನ್ನು ಸಂಚಾರಿ ರೇಡಾರ್ ಹಿಡಿಯಿತು. ಆದರೆ ಕೆಡವಲು ಕಟ್ಟಡಗಳು ಕಡಿಮೆಯಿದ್ದ ಬಯಲಿನಲ್ಲಿ ಸಾಗಿದ ಅದಕ್ಕೆ ಕೊನೆಗೆ ಉಳಿದ ದರ್ಜೆ ಇಎಫ್-3. ಈ ಮಾಪಕ ಹಿಡಿದು ನೂರು ವರ್ಷಗಳ ಗಾಳಿಯನ್ನು ಒಂದಕ್ಕೊಂದು ಹೋಲಿಸಿ ವಾದ ಮಾಡುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಹಾಗಾದರೆ ಏನೂ ಬದಲಾಗಿಲ್ಲವೇ? ಬದಲಾಗಿದೆ. ಅದೇ ನನ್ನ ಆತಂಕ. ಸುಂಟರಗಾಳಿ ಏಳುವ ದಿನಗಳು ಕಡಿಮೆಯಾಗಿ, ಒಂದೇ ದಿನ ಹಲವಾರು ಏಳುವುದು ಹೆಚ್ಚಾಗಿದೆ. 2011ರ ಏಪ್ರಿಲ್ 25ರಿಂದ 28ರವರೆಗಿನ ನಾಲ್ಕು ದಿನಗಳಲ್ಲೇ ಮುನ್ನೂರಕ್ಕೂ ಹೆಚ್ಚು ಎದ್ದವು. ಜಾಗವೂ ಸರಿಯುತ್ತಿದೆ. ಟೆಕ್ಸಾಸ್ ಕಡೆಯ ಬಯಲಿನಲ್ಲಿ ಸುಂಟರಗಾಳಿಗೆ ಅನುಕೂಲವಾದ ವಾತಾವರಣ ಕಡಿಮೆಯಾಗುತ್ತ, ಪೂರ್ವಕ್ಕೆ ಮಿಸಿಸಿಪ್ಪಿ, ಟೆನೆಸೀ ಕಡೆ ಹೆಚ್ಚುತ್ತಿದೆ. ಭೂಮಿ ಬಿಸಿಯಾದಷ್ಟೂ ಗಾಳಿ ಹೆಚ್ಚು ತೇವ ಹೊತ್ತುಕೊಳ್ಳುತ್ತದೆ, ಗುಡುಗುಮೋಡಕ್ಕೆ ಮೇವು ಹೆಚ್ಚು ಸಿಗುತ್ತದೆ. ಆದರೆ ಸುಂಟರಗಾಳಿಗೆ ಮೇವೊಂದೇ ಸಾಲದು. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗ, ದಿಕ್ಕಿನಲ್ಲಿ ವ್ಯತ್ಯಾಸವಿದ್ದು ಮೋಡಕ್ಕೆ ತಿರುವು ಸಿಗಬೇಕು. ಬಿಸಿ ಏರಿದಂತೆ ಆ ವ್ಯತ್ಯಾಸ ಒಟ್ಟಾರೆ ತಗ್ಗಬಹುದು ಎಂಬ ಲೆಕ್ಕಾಚಾರವೂ ಇದೆ. "ಬಿಸಿ ಏರಿತು, ಸುಂಟರಗಾಳಿ ಏರಿತು" ಎಂದು ಒಂದೇ ಉಸಿರಿನಲ್ಲಿ ಹೇಳಲಾಗದು.

ಪೂರ್ವಕ್ಕೆ ಸರಿಯುವುದು ಯಾಕೆ ಅಪಾಯ? ಬಯಲಿನಲ್ಲಿ ಸುಂಟರಗಾಳಿ ದೂರದಿಂದಲೇ ಕಾಣುತ್ತದೆ. ಆಗ್ನೇಯ ರಾಜ್ಯಗಳಲ್ಲಿ ಮರ, ಗುಡ್ಡ, ಮಳೆಯ ಪರದೆ ಅದನ್ನು ಮರೆಮಾಡುತ್ತವೆ, ಜೊತೆಗೆ ಅಲ್ಲಿ ರಾತ್ರಿ ಬರುವುದೂ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ಮೊಬೈಲ್ ಹೋಮ್‌ಗಳಲ್ಲಿ ಬದುಕುವವರು ಬಹಳ. ಆ ಮನೆಯೊಂದನ್ನು ಹತ್ತಿರದಿಂದ ಕಲ್ಪಿಸಿಕೊಳ್ಳಿ. ಕಾರ್ಖಾನೆಯಲ್ಲಿ ತಯಾರಾಗಿ ಲಾರಿಯ ಹಿಂದೆ ಬಂದದ್ದು. ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತಿದೆ. ಅದನ್ನು ನೆಲಕ್ಕೆ ಹಿಡಿದಿಟ್ಟಿರುವುದು ತಗಡಿನ ಕೆಲವು ಪಟ್ಟಿಗಳು ಮತ್ತು ಮಣ್ಣಿಗೆ ತಿರುಪಿದ ಕಬ್ಬಿಣದ ಗೂಟಗಳು. ಅವೂ ತುಕ್ಕು ಹಿಡಿದಿರಬಹುದು. ನೆಲಮಾಳಿಗೆ ಇಲ್ಲ. ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಎಚ್ಚರಿಕೆ ಕಿರುಚಿದರೆ ಮಕ್ಕಳನ್ನು ಎತ್ತಿಕೊಂಡು ಎಲ್ಲಿಗೆ ಓಡಬೇಕು? ಇಟ್ಟಿಗೆ ಮನೆಯ ಕಿಟಕಿ ಒಡೆಯುವ ಗಾಳಿಗೆ ಈ ಮನೆ ಮಗುಚಿಬೀಳುತ್ತದೆ. ಅಮೆರಿಕದಲ್ಲಿ ಸುಂಟರಗಾಳಿಗೆ ಸಾಯುವವರಲ್ಲಿ ದೊಡ್ಡ ಪಾಲು ಇಂಥ ಮನೆಗಳವರದು. ಇದನ್ನು ಪ್ರಕೃತಿ ವಿಕೋಪ ಎಂದಷ್ಟೇ ಕರೆದು ಸುಮ್ಮನಾಗಲು ನನಗೆ ಮನಸ್ಸು ಒಪ್ಪುವುದಿಲ್ಲ.

ಜಗತ್ತಿನಲ್ಲೇ ಅತಿ ಹೆಚ್ಚು ಜೀವ ತೆಗೆದ ಸುಂಟರಗಾಳಿ ಬೀಸಿದ್ದು ಅಮೆರಿಕದಲ್ಲಲ್ಲ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಪ್ರದೇಶದಲ್ಲಿ ಸುಮಾರು 1,300 ಮಂದಿ ಸತ್ತರು ಎಂಬ ಅಂದಾಜಿದೆ. ಅಷ್ಟು ಜನ ಸತ್ತದ್ದಕ್ಕೆ ಗಾಳಿ ಎಷ್ಟು ಕಾರಣವೋ ಬಡವರ ಹಗುರ ಮನೆಗಳು, ಒತ್ತಾದ ಜನವಸತಿಯೂ ಅಷ್ಟೇ ಕಾರಣ.

ಮುನ್ಸೂಚನೆ ಇದ್ದರೆ ಸಾಕು ಎನ್ನುವವರಿಗೆ 2011ರಲ್ಲಿ ಸುಂಟರಗಾಳಿಗೆ ಸಿಕ್ಕಿದ ಮಿಸೌರಿಯ ಜಾಪ್ಲಿನ್ ನಗರವನ್ನು ನೆನಪಿಸುತ್ತೇನೆ. ಸೈರನ್ ಮೊಳಗಿತ್ತು. ಹಿಂದೆ ಹಲವು ಬಾರಿ ಮೊಳಗಿ ಏನೂ ಆಗದೇ ಇದ್ದದ್ದರಿಂದ, ಇನ್ನೊಂದು ಖಾತ್ರಿ ಸಿಗಲಿ ಎಂದು ಕಾದವರು ಬಹಳ ಮಂದಿ. ನೂರೈವತ್ತಕ್ಕೂ ಹೆಚ್ಚು ಜನ ಸತ್ತರು.

2013ರ ಮೇ 20ರಂದು ಒಕ್ಲಹೋಮದ ಮೂರ್ ನಗರಕ್ಕೆ ಇಎಫ್-5 ಬಡಿದು 24 ಮಂದಿ ಸತ್ತರು. ಅವರಲ್ಲಿ ಏಳು ಮಕ್ಕಳು ತಮ್ಮ ಶಾಲೆಯಲ್ಲೇ ಜೀವ ಬಿಟ್ಟರು. ಮರುವರ್ಷ ಆ ನಗರ ಹೊಸ ಮನೆಗಳ ಕಟ್ಟಡ ನಿಯಮ ಬದಲಿಸಿತು: ಗಂಟೆಗೆ ಸುಮಾರು 217 ಕಿ.ಮೀ. ಗಾಳಿ ತಡೆಯುವಂತೆ ಕಟ್ಟಬೇಕು, ಚಾವಣಿಯ ಜಂತೆಗಳನ್ನು ಲೋಹದ ಪಟ್ಟಿಯಿಂದ ಗೋಡೆಗೆ ಕಟ್ಟಬೇಕು, ಗ್ಯಾರೇಜ್ ಬಾಗಿಲು ಗಟ್ಟಿಯಾಗಿರಬೇಕು. ಗ್ಯಾರೇಜ್ ಬಾಗಿಲೇ ಯಾಕೆ ಎಂದರೆ, ಅದು ಒಳಕ್ಕೆ ಕುಸಿದರೆ ಗಾಳಿ ನುಗ್ಗಿ ಚಾವಣಿಯನ್ನು ಒಳಗಿನಿಂದ ಎತ್ತುತ್ತದೆ, ಚಾವಣಿ ಹೋದರೆ ಗೋಡೆಗೆ ಆಸರೆ ಇರುವುದಿಲ್ಲ. ಇಎಫ್-5 ಬಂದರೆ ಈ ಮನೆಗಳೂ ಉಳಿಯಲಿಕ್ಕಿಲ್ಲ. ಆದರೆ ಬರುವ ಸುಂಟರಗಾಳಿಗಳಲ್ಲಿ ಬಹುಪಾಲು ಅದಕ್ಕಿಂತ ಎಷ್ಟೋ ದುರ್ಬಲವಾದವು, ಅವುಗಳ ಮುಂದೆ ಈ ಮನೆಗಳು ನಿಲ್ಲಬಲ್ಲವು. ಪ್ರತಿ ವರ್ಷ ಎಣಿಕೆಯ ಜಗಳಕ್ಕೆ ಇಳಿಯುವ ಗೆಳೆಯರಲ್ಲಿ ಒಬ್ಬರಾದರೂ ಮುಂದಿನ ಸಲ ಆ ಪಟ್ಟಿ, ಆ ಬೋಲ್ಟು, ಆ ಬಾಗಿಲಿನ ಬಗ್ಗೆ ಕೇಳಿದರೆ ನನಗೆ ಸಂತೋಷವಾಗುತ್ತದೆ.